ಕಾಣುವ ಎರಡು ತಿಂಗಳ ಮೊದಲೇ ಹುಟ್ಟುವ ಮೊಡವೆ

ಮೊಡವೆ ಮುಖದ ಮೇಲೆ ಕಾಣುವುದು ಒಂದು ರಾತ್ರಿ ಕಳೆದು ಬೆಳಗಾಗುವುದರೊಳಗೆ. ಹುಟ್ಟುವುದು ಮಾತ್ರ ಅದಕ್ಕೂ ಆರೆಂಟು ವಾರ ಮೊದಲು, ಕೂದಲಿನ ಬುಡದಲ್ಲಿ, ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ ಒಂದು ಬಿರಡೆಯಾಗಿ. ಈ ಎರಡು ತಿಂಗಳ ಗುಪ್ತ ಬೆಳವಣಿಗೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಹಾಗಾಗಿಯೇ ಮೊನ್ನೆ ಸಂಜೆ ತಿಂದ ಮಿರ್ಚಿಭಜಿಗೆ ಇಲ್ಲವೆ ನಿನ್ನೆ ಬದಲಿಸಿದ ಸಾಬೂನಿಗೆ ಬೈಗುಳ ಬೀಳುತ್ತದೆ.

ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ಇದು ಮೊಡವಿ, ಇಲ್ಲವೆ ಹರೇದ ಗುಳ್ಳಿ. ಮರಾಠಿ ಮಾತಾಡುವ ಮನೆಗಳಲ್ಲಿ ಮುರುಮ. ಬರೆಯುವಾಗ ತಾರುಣ್ಯ ಪಿಟಿಕಾ. ಸುಶ್ರುತ ಸಂಹಿತೆ ಕ್ಷುದ್ರರೋಗಗಳ ಸಾಲಿನಲ್ಲಿ ಇದನ್ನು ಸೇರಿಸಿ ಬೂರುಗದ ಮುಳ್ಳಿಗೆ ಹೋಲಿಸಿದೆ. ಎಳೆಯ ಬೂರುಗದ ಕಾಂಡವನ್ನು ಕಾಡಂಚಿನಲ್ಲಿ ಹತ್ತಿರದಿಂದ ನೋಡಿದವರಿಗೆ ಆ ಹೋಲಿಕೆಯ ನಿಖರತೆ ಗೊತ್ತಾಗುತ್ತದೆ: ಬುಡ ಅಗಲ, ತುದಿ ಚೂಪು, ಒತ್ತಿದರೆ ಅಲ್ಲಾಡದ ಗಟ್ಟಿತನ. ಹರೇದ ಗುಳ್ಳಿ, ತಾರುಣ್ಯ ಪಿಟಿಕಾ ಎಂಬ ಹೆಸರುಗಳು ಮೊಡವೆಯನ್ನು ಹರೆಯಕ್ಕೆ ಕಟ್ಟಿಹಾಕಿವೆ. ಮೊದಲ ಕಾರಣದ ಸುಳಿವು ಅಲ್ಲಿಯೇ ಇದೆ.

ಅಂಗೈ, ಅಂಗಾಲು ಬಿಟ್ಟರೆ ಮೈಯ ಬಹುಪಾಲು ಚರ್ಮದಲ್ಲಿ ಕೂದಲಿನ ಗೂಡುಗಳಿವೆ. ಖಾನಾಪುರದ ಕುಂಬಾರರು ತಿಗರಿಯ ಮೇಲೆ ಎತ್ತುವ ಕಿರಿಗೊರಳಿನ ಹೂಜಿಯನ್ನು ನೆನೆದರೆ ಗೂಡಿನ ಆಕಾರ ಕಣ್ಣಿಗೆ ಕಟ್ಟುತ್ತದೆ. ಹೂಜಿಯ ಬಾಯಿಯೇ ಚರ್ಮದ ಮೇಲಿನ ರಂಧ್ರ. ಕೊರಳಿನೊಳಗೆ ಒಂದು ಕೂದಲೆಳೆ. ಪಕ್ಕಕ್ಕೆ ಅಂಟಿಕೊಂಡಿರುವುದು ಎಣ್ಣೆಗ್ರಂಥಿ, ವೈದ್ಯರ ಮಾತಿನಲ್ಲಿ ಮೇದೋಗ್ರಂಥಿ. ಹಣೆ, ಮೂಗು, ಕೆನ್ನೆ, ಗದ್ದ, ಎದೆಯ ಮೇಲ್ಭಾಗ, ಬೆನ್ನು, ಈ ಜಾಗಗಳಲ್ಲಿ ಗ್ರಂಥಿ ದೊಡ್ಡದು, ಕೂದಲು ಕಣ್ಣಿಗೆ ಕಾಣದಷ್ಟು ನವಿರು. ಮುಖದ ಒಂದು ಚದರ ಸೆಂಟಿಮೀಟರಿನಲ್ಲಿ, ಅಂದರೆ ಕಿರುಬೆರಳ ಉಗುರಿನಷ್ಟು ಜಾಗದಲ್ಲಿ, 400ರಿಂದ 900 ಗ್ರಂಥಿಗಳಿರುತ್ತವೆ. ಮೊಡವೆ ಮೊಣಕಾಲಿಗೆ ಏಳದೆ ಮುಖಕ್ಕೇ ಏಳುವುದು ಇದರಿಂದ.

ಈ ಗ್ರಂಥಿ ಎಣ್ಣೆ ಮಾಡುವ ರೀತಿ ಬೆವರಿನ ಗ್ರಂಥಿಯಂತಲ್ಲ. ಒಳಗಿನ ಜೀವಕೋಶ ಜಿಡ್ಡನ್ನು ತುಂಬಿಕೊಳ್ಳುತ್ತ ಉಬ್ಬಿ, ಕೊನೆಗೆ ತಾನೇ ಒಡೆದು ಎಣ್ಣೆಯಾಗಿ ಹರಿದುಹೋಗುತ್ತದೆ. ಹೀಗೆ ಹೊರಬರುವ ಮೇದಸ್ಸಿನಲ್ಲಿ ಟ್ರೈಗ್ಲಿಸರೈಡ್, ಮೇಣದ ಅಂಶ ಮತ್ತು ಸ್ಕ್ವಾಲೀನ್ ಎಂಬ ಜಿಡ್ಡು ಇರುತ್ತವೆ. ಇವುಗಳಲ್ಲಿ ಬಹುಪಾಲನ್ನು ಗ್ರಂಥಿ ತಾನೇ ತಯಾರಿಸಿಕೊಳ್ಳುತ್ತದೆ. ಬಾಣಲೆಯ ಶೇಂಗಾ ಎಣ್ಣೆ ಹೊಟ್ಟೆ ಸೇರಿ ಅಲ್ಲಿಂದ ಹಾಗೆಯೇ ಹಣೆಯ ಮೇಲೆ ಉಕ್ಕಿ ಬರುವ ದಾರಿ ದೇಹದಲ್ಲಿಲ್ಲ.

ಹುಟ್ಟಿದ ಮಗುವಿನಲ್ಲಿ ಈ ಗ್ರಂಥಿಗಳು ಕೆಲವು ತಿಂಗಳು ಚುರುಕಾಗಿರುತ್ತವೆ. ಬಾಣಂತಿಯ ಮಡಿಲಿನ ಹಸುಗೂಸಿನ ಕೆನ್ನೆಗೂ ಒಮ್ಮೊಮ್ಮೆ ಗುಳ್ಳೆ ಏಳುವುದು ಅದಕ್ಕೇ. ಆಮೇಲೆ ಅವು ನಿದ್ದೆಗೆ ಜಾರುತ್ತವೆ. ಏಳೆಂಟು ವರ್ಷಕ್ಕೆ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿ ಗಂಡುಹಾರ್ಮೋನಿನ ಮೂಲದ್ರವ್ಯವನ್ನು ಹುಡುಗ ಹುಡುಗಿ ಎನ್ನದೆ ಇಬ್ಬರಲ್ಲೂ ಸ್ರವಿಸತೊಡಗುತ್ತದೆ. ಹರೆಯದಲ್ಲಿ ವೃಷಣ, ಅಂಡಾಶಯಗಳೂ ಜೊತೆಗೂಡುತ್ತವೆ. ರಕ್ತದಲ್ಲಿ ಬಂದ ಟೆಸ್ಟೊಸ್ಟೆರೋನನ್ನು ಎಣ್ಣೆಗ್ರಂಥಿ ತನ್ನಲ್ಲಿರುವ ಕಿಣ್ವದ ನೆರವಿನಿಂದ ಇನ್ನೂ ಬಲವಾದ ಡೈಹೈಡ್ರೊಟೆಸ್ಟೊಸ್ಟೆರೋನ್ ಆಗಿ ಬದಲಿಸಿಕೊಳ್ಳುತ್ತದೆ. ಗ್ರಂಥಿ ಹಿಗ್ಗುತ್ತದೆ, ಎಣ್ಣೆ ಹೆಚ್ಚುತ್ತದೆ. ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡವರಿಗೆ ಮೊಡವೆ ಏಳುವುದಿಲ್ಲ, ಆದರೆ ಅವರಿಗೆ ಟೆಸ್ಟೊಸ್ಟೆರೋನ್ ಕೊಟ್ಟರೆ ಏಳುತ್ತದೆ ಎಂಬುದನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1941ರಲ್ಲಿ ವರದಿ ಮಾಡಿದರು. ಹಾರ್ಮೋನಿಲ್ಲದೆ ಮೊಡವೆಯಿಲ್ಲ ಎಂಬ ಮಾತಿಗೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಹಾಗೆಂದು ಮೊಡವೆ ಇರುವವರ ರಕ್ತದಲ್ಲಿ ಹಾರ್ಮೋನು ಮಿತಿಮೀರಿದೆ ಎಂದಲ್ಲ. ಬಹುತೇಕರಲ್ಲಿ ಅದರ ಮಟ್ಟ ಸಹಜವಾಗಿಯೇ ಇರುತ್ತದೆ. ಅದಕ್ಕೆ ಓಗೊಡುವ ಗ್ರಂಥಿಯ ಚುರುಕುತನ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಆ ಚುರುಕುತನದ ಬಹುಪಾಲು ವಂಶದಿಂದ ಬರುವಂಥದು. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಅವಳಿ ಮಹಿಳೆಯರ ಅಧ್ಯಯನ, ಮೊಡವೆಯಲ್ಲಿ ಕಾಣುವ ವ್ಯತ್ಯಾಸದ ಶೇ 81ರಷ್ಟು ಪಾಲನ್ನು ಅನುವಂಶಿಕತೆಗೆ ಸೇರಿಸಿತು. ಅಪ್ಪ ಅವ್ವನ ಕೆನ್ನೆಯ ಹಳೆಯ ಕುಳಿಗಳು ಮಗನ ಮುಂದಿನ ಮುಖವನ್ನು ಎಷ್ಟೋ ಸಲ ಮೊದಲೇ ತೋರಿಸಿರುತ್ತವೆ.

ಎಣ್ಣೆಯೊಂದೇ ಸಾಲದು, ಹೂಜಿಯ ಕೊರಳು ಕಟ್ಟಬೇಕು. ಗೂಡಿನ ಒಳಗೋಡೆಯ ಕೋಶಗಳು ಸತ್ತು ಉದುರಿ ಎಣ್ಣೆಯ ಜೊತೆ ಮೇಲೆ ತೇಲಿ ಬರುವುದು ಸಹಜ ಕ್ರಮ. ಮೊಡವೆಗೆ ಒಲಿದ ಚರ್ಮದಲ್ಲಿ ಈ ಕೋಶಗಳು ಬೇಗ ಬೇಗ ಹುಟ್ಟುತ್ತವೆ, ಸತ್ತ ಮೇಲೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆ ಕೋಶಗಳಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪದಾರ್ಥ ಮತ್ತು ಎಣ್ಣೆ ಕಲೆತು ಮೇಣದಂಥ ಬಿರಡೆ ಕಟ್ಟುತ್ತದೆ. ಮೊದಲು ಹೇಳಿದ, ಕಣ್ಣಿಗೆ ಕಾಣದ ಆ ಮೊಳಕೆ ಇದೇ. ಬಾಯಿ ಮುಚ್ಚಿದ್ದರೆ ಚರ್ಮದಡಿ ಸಾಸಿವೆಯಷ್ಟು ಬಿಳಿ ಗುಳ್ಳೆಯಾಗಿ ಉಳಿಯುತ್ತದೆ. ಬಾಯಿ ತೆರೆದಿದ್ದರೆ ಕರಿಚುಕ್ಕೆ, ಎಲ್ಲರ ಬಾಯಲ್ಲಿರುವ ಬ್ಲ್ಯಾಕ್‌ಹೆಡ್. ಮೂಗಿನ ಬದಿಯಿಂದ ಹೊರಬಂದ ಒಂದು ಬ್ಲ್ಯಾಕ್‌ಹೆಡ್ಡನ್ನು ಬಿಳಿ ಹಾಳೆಯ ಮೇಲಿಟ್ಟು ನೋಡಿದರೆ ತುದಿಯಷ್ಟೇ ಕಪ್ಪು, ಉಳಿದ ಉದ್ದವೆಲ್ಲ ತುಪ್ಪದ ಗಸಿಯಂತೆ ಹಳದಿ ಬಿಳಿ. ತುದಿ ಕಪ್ಪಾಗುವುದು ಮೆಲನಿನ್ ಎಂಬ ಚರ್ಮದ್ದೇ ಬಣ್ಣದಿಂದ, ಜಿಡ್ಡಿಗೆ ಗಾಳಿ ತಾಗುವುದರಿಂದ. ಅದು ಕೊಳೆಯಲ್ಲ. ದಿನಕ್ಕೆ ಆರು ಸಲ ಸಾಬೂನು ಹಚ್ಚಿ ತಿಕ್ಕುವ ಹುಡುಗರಿಗೆ ಈ ಒಂದು ಸಂಗತಿ ತಿಳಿದರೆ ಸಾಕು, ಅವರ ಮುಖಕ್ಕೆ ಅರ್ಧ ನೆಮ್ಮದಿ. ಬಿರಡೆ ಇರುವುದು ಕೊರಳಿನೊಳಗೆ. ಸಾಬೂನು ತಲುಪುವುದು ಬಾಯಿಯವರೆಗೆ. ಹೆಚ್ಚು ತಿಕ್ಕಿದಷ್ಟೂ ಮೇಲಿನ ಚರ್ಮ ಕೆರಳುತ್ತದೆ. ಮುಖಕ್ಕೆ ಮೆತ್ತುವ ಮುಲ್ತಾನಿ ಮಣ್ಣಿನ ಕಥೆಯೂ ಅಷ್ಟೇ. ಅದು ಮೇಲಿನ ಎಣ್ಣೆಯನ್ನು ಹೀರುತ್ತದೆ, ಒಳಗಿನ ಬಿರಡೆಯನ್ನು ಮುಟ್ಟುವುದಿಲ್ಲ.

ಕಟ್ಟಿದ ಗೂಡಿನೊಳಗೆ ಗಾಳಿಯಿಲ್ಲ, ಎಣ್ಣೆ ಬೇಕಾದಷ್ಟಿದೆ. ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಸೂಕ್ಷ್ಮಾಣುವಿಗೆ ಬೇಕಾದದ್ದು ಇದೇ. ಜರ್ಮನಿಯ ಚರ್ಮವೈದ್ಯ ಪಾಲ್ ಗೆರ್ಸೊನ್ ಉನ್ನಾ 1896ರಲ್ಲಿ ಮೊಡವೆಯ ಬಿರಡೆಗಳಲ್ಲಿ ಇದನ್ನು ಕಂಡಿದ್ದರು. 2016ರವರೆಗೆ ಇದರ ಹೆಸರು ಪ್ರೊಪಿಯೊನಿಬ್ಯಾಕ್ಟೀರಿಯಮ್. ಇದು ಹೊರಗಿನಿಂದ ನುಗ್ಗಿದ ಕಳ್ಳನಲ್ಲ, ಮನೆಯವನೇ. ನುಣುಪಾದ ಮುಖದ ಮೇಲೂ ಇದು ವಾಸವಾಗಿರುತ್ತದೆ, ಬೇರೆ ರೋಗಾಣುಗಳನ್ನು ದೂರವಿಡುವ ಕೆಲಸವನ್ನೂ ಮಾಡುತ್ತದೆ. ಅದರ ಕೆಲವು ತಳಿಗಳು ಮಾತ್ರ ಮೊಡವೆಯ ಚರ್ಮದಲ್ಲಿ ಹೆಚ್ಚಾಗಿ ಕಾಣುತ್ತವೆ. ಹಾಗಾಗಿ ಮೊಡವೆ ಅಂಟುರೋಗವಲ್ಲ. ಅದೇ ಟವೆಲ್ ಬಳಸಿದ್ದಕ್ಕೆ ಅಕ್ಕನ ಮೊಡವೆ ತಂಗಿಗೆ ಹತ್ತುವುದಿಲ್ಲ.

ಈ ಸೂಕ್ಷ್ಮಾಣು ಎಣ್ಣೆಯನ್ನು ಒಡೆದು ಕೊಬ್ಬಿನ ಆಮ್ಲಗಳನ್ನು ಬಿಡುತ್ತದೆ. ಅದರ ಮೈಯ ಕೆಲವು ಅಂಶಗಳನ್ನು ಗುರುತಿಸುವ ರಕ್ಷಣಾ ವ್ಯವಸ್ಥೆ ಎಚ್ಚರಿಕೆಯ ಸಂಕೇತಗಳನ್ನು ಹೊರಡಿಸಿ ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತದೆ. ಆಗ ಗುಳ್ಳೆ ಕೆಂಪೇರುತ್ತದೆ, ಮುಟ್ಟಿದರೆ ನೋಯುತ್ತದೆ, ತಲೆಯಲ್ಲಿ ಕೀವು ನಿಲ್ಲುತ್ತದೆ. ಉರಿಯೂತ ಕಟ್ಟಕಡೆಗೆ ಬರುವ ಘಟ್ಟ ಎಂದು ಮೊದಲು ನಂಬಲಾಗಿತ್ತು. ಬಿರಡೆ ಕಟ್ಟುವ ಮೊದಲೇ ಗೂಡಿನ ಸುತ್ತ ರಕ್ಷಣಾ ಕಣಗಳು ಸೇರಿರುತ್ತವೆ ಎಂಬುದು ಈ ಶತಮಾನದ ಆರಂಭದಲ್ಲಿ ಗೊತ್ತಾಯಿತು. ಹೂಜಿ ತುಂಬಿ ಅದರ ಗೋಡೆ ಒಡೆದರೆ ಎಣ್ಣೆ, ಕೆರಾಟಿನ್, ಸೂಕ್ಷ್ಮಾಣು ಎಲ್ಲವೂ ಒಳಚರ್ಮಕ್ಕೆ ಚೆಲ್ಲುತ್ತವೆ. ಅಲ್ಲಿ ಏಳುವುದು ಗಂಟು ಮೊಡವೆ: ಮೇಲೆ ಬಾಯಿಲ್ಲ, ಒಳಗೆ ಅವರೆಕಾಳಿನಷ್ಟು ಗಟ್ಟಿ, ದಿಂಬಿಗೆ ಕೆನ್ನೆ ತಾಗಿದರೂ ಎಚ್ಚರವಾಗುವಷ್ಟು ನೋವು.

ಇನ್ನು ಊಟದ ಮಾತು. ಎಣ್ಣೆ, ಖಾರ, ಶೇಂಗಾ, ಕರದಂಟು, ಇವೆಲ್ಲ ಉಷ್ಣ, ರಕ್ತ ಕೆಡಿಸುತ್ತವೆ ಎಂಬ ನಂಬಿಕೆ ಉತ್ತರ ಕರ್ನಾಟಕದ ಮನೆಮನೆಯಲ್ಲಿದೆ. ಇವುಗಳ ಮೇಲೆ ದೋಷ ಹೊರಿಸುವ ಗಟ್ಟಿ ಪುರಾವೆ ಇಲ್ಲ. ಪುರಾವೆ ಬೊಟ್ಟು ಮಾಡುವುದು ಬೇರೆ ಕಡೆಗೆ, ರಕ್ತದಲ್ಲಿ ಸಕ್ಕರೆಯನ್ನು ಥಟ್ಟನೆ ಏರಿಸುವ ಆಹಾರದ ಕಡೆಗೆ ಮತ್ತು ಹಾಲಿನ ಕಡೆಗೆ. ಸಕ್ಕರೆ ಏರಿದರೆ ಇನ್ಸುಲಿನ್ ಏರುತ್ತದೆ, ಅದರೊಡನೆ ಇನ್ಸುಲಿನ್ ಮಾದರಿಯ ಬೆಳವಣಿಗೆ ಅಂಶವೂ ಏರುತ್ತದೆ. ಇವೆರಡೂ ಎಣ್ಣೆಗ್ರಂಥಿಯನ್ನು ಬೆಳೆಸುತ್ತವೆ, ಗೂಡಿನ ಕೋಶಗಳ ಹುಟ್ಟನ್ನೂ ಹೆಚ್ಚಿಸುತ್ತವೆ. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ ಸುಮಾರು 1200 ಜನರನ್ನು, ಪರಾಗ್ವೆಯ ಆಚೆ ಬುಡಕಟ್ಟಿನ 115 ಜನರನ್ನು ಪರೀಕ್ಷಿಸಿದ ಲೊರೆನ್ ಕಾರ್ಡೈನ್ ತಂಡಕ್ಕೆ ಒಂದೂ ಮೊಡವೆ ಕಾಣಲಿಲ್ಲ ಎಂದು 2002ರಲ್ಲಿ ವರದಿಯಾಯಿತು. ಗೆಡ್ಡೆ, ಹಣ್ಣು, ಮೀನು, ಬೇಟೆ ಅವರ ಆಹಾರ. ಸಂಸ್ಕರಿಸಿದ ಹಿಟ್ಟು, ಸಕ್ಕರೆ ಅತಿ ಕಡಿಮೆ. ವಂಶದ ಪಾತ್ರವೂ ಅಲ್ಲಿ ಇರಬಹುದಾದ್ದರಿಂದ ಇದೊಂದನ್ನೇ ನೆಚ್ಚಲಾಗದು. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವರ್ಷದ 43 ಯುವಕರನ್ನು ಎರಡು ಗುಂಪು ಮಾಡಿ 12 ವಾರ ನೋಡಿದಾಗ, ಸಕ್ಕರೆಯನ್ನು ನಿಧಾನವಾಗಿ ಏರಿಸುವ ಊಟ ಮಾಡಿದವರ ಮೊಡವೆ ಹೆಚ್ಚು ಇಳಿಯಿತು.

ಬೆಳಗಾವಿಯ ಕುಂದಾ ಸಕ್ಕರೆ, ಹಾಲು ಎರಡನ್ನೂ ಒಂದೇ ತಟ್ಟೆಯಲ್ಲಿ ತರುತ್ತದೆ. ಹಾಲನ್ನು ಗಂಟೆಗಟ್ಟಲೆ ಬತ್ತಿಸಿ, ಸಕ್ಕರೆ ಸುರಿದು, ಕಂದು ಬಣ್ಣಕ್ಕೆ ತಿರುವಿದ ಸಿಹಿ ಅದು. ಹಬ್ಬಕ್ಕೆ, ಬೀಗರ ಮನೆಗೆ ಹೋಗುವಾಗ ಒಂದು ಪಾವು ಕಟ್ಟಿಸಿಕೊಂಡು ತಿಂದರೆ ಮುಖ ಕೆಡುವುದಿಲ್ಲ. ದಿನಕ್ಕೆ ನಾಲ್ಕು ಸಲ ಸಕ್ಕರೆ ಚಹಾ, ಜೊತೆಗೆ ಖಾರಿ, ಬನ್ನು, ಬಾಟಲಿಯ ತಂಪುಪಾನೀಯ, ಹೀಗೆ ಹಾಸ್ಟೆಲ್ಲಿನ ದಿನಚರಿ ಸಾಗಿದರೆ ಅದು ಬೇರೆ ಲೆಕ್ಕ. ಹಾಲಿನ ನಂಟು ಕೆನೆ ತೆಗೆದ ಹಾಲಿನಲ್ಲೂ ಕಂಡಿರುವುದರಿಂದ ತಪ್ಪು ಕೊಬ್ಬಿನದಲ್ಲ ಎಂದು ಸಂಶೋಧಕರು ಭಾವಿಸುತ್ತಾರೆ. ಜಿಮ್ಮಿನ ಹುಡುಗರು ಕುಡಿಯುವ ವೇ ಪ್ರೋಟೀನ್ ಪುಡಿ ಹಾಲಿನದೇ ಭಾಗ. ಅದನ್ನು ಆರಂಭಿಸಿದ ಮೇಲೆ ಬೆನ್ನು ಎದೆಗೆ ಗುಳ್ಳೆ ತುಂಬಿದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಮೈಕಟ್ಟಿಗಾಗಿ ಕದ್ದು ಚುಚ್ಚಿಸಿಕೊಳ್ಳುವ ಅನಬಾಲಿಕ್ ಸ್ಟೀರಾಯ್ಡ್ ಎಂದರೆ ಗಂಡುಹಾರ್ಮೋನಿನ ರೂಪವೇ. ಅದರಿಂದ ಏಳುವ ಮೊಡವೆಯಂತೂ ಕೀವು ರಕ್ತ ಸೋರುವ ಗಾಯವಾಗಬಲ್ಲದು.

ಹೊರಗಿನಿಂದ ಹಚ್ಚುವ ಎಣ್ಣೆ ಇನ್ನೊಂದು ದಾರಿ. ತಲೆಗೆ ಕೊಬ್ಬರಿ ಎಣ್ಣೆ ಹಾಕಿ ಕೈಯಲ್ಲಿ ಉಳಿದದ್ದನ್ನು ಹಣೆಗೆ ಸವರುವುದು ರೂಢಿ. ಕೂದಲಂಚಿನುದ್ದಕ್ಕೂ ಹಣೆಯ ಮೇಲೆ ಸಾಲಾಗಿ ಸಣ್ಣ ಬಿಳಿ ಗುಳ್ಳೆಗಳು ಎದ್ದಿದ್ದರೆ ಕಾರಣ ಹೆಚ್ಚಾಗಿ ಇದೇ. ಜಿಡ್ಡಿನ ಕ್ರೀಮು, ದಪ್ಪ ಮೇಕಪ್ಪು ಕೆನ್ನೆಯ ಮೇಲೆ ಇದೇ ಕೆಲಸ ಮಾಡುತ್ತವೆ.

ಹವೆಯ ಪಾತ್ರವನ್ನು ಈ ಸೀಮೆಯಲ್ಲಿ ಮರೆಯುವಂತಿಲ್ಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ತಂಪು ಊರು. ಅಲ್ಲಿಂದ ಸುಮಾರು 26 ಕಿ.ಮೀ. ದಾಟಿ ಖಾನಾಪುರ, ಅದರಾಚೆ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ. ಅಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ವಾರವಾದರೂ ಒಣಗದು. ತೇವ ಹೀರಿದ ಕೆರಾಟಿನ್ ಉಬ್ಬುತ್ತದೆ, ಈಗಾಗಲೇ ಕಿರಿದಾದ ಗೂಡಿನ ಬಾಯಿ ಇನ್ನಷ್ಟು ಬಿಗಿಯುತ್ತದೆ. ಮಾರ್ಚ್ ಏಪ್ರಿಲ್ಲಿನ ಬಿಸಿಲಿಗೆ ಚರ್ಮದ ಕಾವು ಏರಿದಂತೆ ಎಣ್ಣೆಯ ಹರಿವೂ ಹೆಚ್ಚುತ್ತದೆ. ಸೆಕೆ, ಬೆವರು, ಭಾರ ಮೂರೂ ಕೂಡಿದರೆ ಏನಾಗುತ್ತದೆ ಎಂಬುದನ್ನು ಎರಡನೇ ಮಹಾಯುದ್ಧದಲ್ಲಿ ಉಷ್ಣವಲಯಕ್ಕೆ ಹೋದ ಸೈನಿಕರ ಬೆನ್ನುಗಳು ತೋರಿಸಿದವು. ವೈದ್ಯರು ಅದನ್ನು ಉಷ್ಣವಲಯದ ಮೊಡವೆ ಎಂದೇ ಕರೆದರು.

ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಬೆಳಗಾವಿಯಲ್ಲಿದೆ. ಅಗ್ನಿವೀರರಾಗಿ ಸೇರುವವರ ವಯಸ್ಸು ಹದಿಹರೆಯದ ಕೊನೆಯಿಂದ ಇಪ್ಪತ್ತರ ಆಸುಪಾಸು, ಮೊಡವೆಯ ತುಂಬು ಕಾಲ. ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಉಜ್ಜುವಲ್ಲಿ, ಬೆನ್ನಚೀಲದ ಪಟ್ಟಿ ಹೆಗಲಿಗೆ ಒತ್ತುವಲ್ಲಿ, ಪಟ್ಟಿಯ ಅಗಲಕ್ಕೆ ಸರಿಯಾಗಿ ಗೆರೆ ಎಳೆದಂತೆ ಗುಳ್ಳೆ ಏಳುವುದು ಇಂಥ ಕಸರತ್ತಿನ ಬದುಕಿನ ಲಕ್ಷಣ. ಉಜ್ಜುವಿಕೆ ಮತ್ತು ಒತ್ತಡದಿಂದ ಕೆರಳುವ ಈ ಬಗೆಯನ್ನು ಅಮೆರಿಕದ ಚರ್ಮವೈದ್ಯರಾದ ಮಿಲ್ಸ್ ಮತ್ತು ಕ್ಲಿಗ್‌ಮನ್ 1975ರಲ್ಲಿ ಯಾಂತ್ರಿಕ ಮೊಡವೆ ಎಂದು ವಿವರಿಸಿದರು. ಖಾನಾಪುರದಿಂದ ಬೈಕಿನಲ್ಲಿ ಕಾಲೇಜಿಗೆ ಬರುವವರ ಹೆಲ್ಮೆಟ್ಟಿಗೂ ಇದೇ ನಿಯಮ. ಹೆಲ್ಮೆಟ್ ಬಿಡುವಂತಿಲ್ಲ, ಒಳಗಿನ ಬಟ್ಟೆಯನ್ನು ಒಗೆದು ಒಣಗಿಸಬಹುದು.

ಬೆಳಗಾವಿಯ ಉದ್ಯಮಬಾಗಿನಲ್ಲಿ ಮೊಡವೆಗೆ ಹರೆಯದ ಹಂಗೇ ಇಲ್ಲ. ಫೌಂಡ್ರಿಗಳು, ಹೈಡ್ರಾಲಿಕ್ ಬಿಡಿಭಾಗಗಳ ಕಾರ್ಖಾನೆಗಳು, ಲೇತ್ ಮತ್ತು ಸಿಎನ್‌ಸಿ ಯಂತ್ರಗಳ ಶೆಡ್ಡುಗಳು ಒತ್ತೊತ್ತಾಗಿರುವ ಈ ಕೈಗಾರಿಕಾ ಬಡಾವಣೆಯಂಥ ಕಡೆ ಲೋಹ ಕೊರೆಯುವಾಗ ಕಟಿಂಗ್ ಆಯಿಲ್ ಹನಿಹನಿಯಾಗಿ ಸಿಡಿಯುತ್ತಿರುತ್ತದೆ. ಕೈ ಒರೆಸಿಕೊಂಡ ಚಿಂದಿಬಟ್ಟೆ ಪ್ಯಾಂಟಿನ ಕಿಸೆ ಸೇರುತ್ತದೆ. ಸಂಜೆಯ ಹೊತ್ತಿಗೆ ಕಿಸೆಯ ಕೆಳಗಿನ ಬಟ್ಟೆ ತೊಡೆಗೆ ಅಂಟುವಷ್ಟು ನೆನೆದಿರುತ್ತದೆ. ಖನಿಜ ತೈಲ ಕೂದಲ ಗೂಡಿಗೆ ಇಳಿದು ಬಾಯಿ ಕಟ್ಟಿಸುತ್ತದೆ. ಆಗ ಮೊಡವೆ ಏಳುವುದು ಮುಖದ ಮೇಲಲ್ಲ, ಮುಂಗೈಯ ಹೊರಬದಿಯಲ್ಲಿ ಮತ್ತು ತೊಡೆಯ ಮುಂಭಾಗದಲ್ಲಿ: ಕರಿಚುಕ್ಕೆಗಳ ಹಿಂಡು, ನಡುನಡುವೆ ಕೀವುಗುಳ್ಳೆ. ವೈದ್ಯರಿಗೆ ಇದು ಎಣ್ಣೆ ಮೊಡವೆ ಎಂದು ಪರಿಚಿತ. ನಲವತ್ತರ ಕೆಲಸಗಾರನಿಗೂ ಇದು ಬರುತ್ತದೆ. ಇದಕ್ಕೆ ಮುಖದ ಕ್ರೀಮು ಹಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ. ಎಣ್ಣೆ ತಡೆಯುವ ಏಪ್ರನ್, ದಿನವೂ ಒಗೆದ ಬಟ್ಟೆ, ಪಾಳಿ ಮುಗಿದೊಡನೆ ಸ್ನಾನಕ್ಕೆ ನೀರು, ಈ ಮೂರನ್ನು ಒದಗಿಸುವುದು ಮಾಲೀಕರ ಹೊಣೆ.

ಕೆಲವು ಔಷಧಗಳೂ ಮೊಡವೆ ಎಬ್ಬಿಸುತ್ತವೆ. ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಲಿಥಿಯಮ್, ಹೆಚ್ಚಿನ ಪ್ರಮಾಣದ ಬಿ12 ಇವುಗಳಲ್ಲಿ ಸೇರಿವೆ. ಅಂಥ ಮಾತ್ರೆಯನ್ನು ಮೊಡವೆಗೆ ಹೆದರಿ ತಾವಾಗಿ ನಿಲ್ಲಿಸುವುದು ಅಪಾಯ. ಈ ಪಟ್ಟಿಯಲ್ಲಿ ಅತಿ ಹೆಚ್ಚು ಕೇಡು ಮಾಡುತ್ತಿರುವುದು ಮುಖಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮು. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಬೆರೆತ ಟ್ಯೂಬುಗಳನ್ನು ಬಣ್ಣ ತಿಳಿಯಾಗಲೆಂದು, ಗುಳ್ಳೆ ಹೋಗಲೆಂದು ಚೀಟಿಯಿಲ್ಲದೆ ಕೊಂಡು ಹಚ್ಚಿಕೊಳ್ಳುವವರು ನಗರದಲ್ಲೂ ಇದ್ದಾರೆ, ಹಳ್ಳಿಯಲ್ಲೂ ಇದ್ದಾರೆ. ಮೊದಲ ವಾರ ಕೆಂಪು ಇಳಿಯುತ್ತದೆ, ಮುಖ ಹೊಳೆಯುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳ್ಳಗಾಗಿ ಕೆನ್ನೆಯಲ್ಲಿ ನರಗೆರೆಗಳು ಕಾಣುತ್ತವೆ, ಬಿಸಿಲಿಗೆ ಉರಿಯುತ್ತದೆ, ಒಂದೇ ಅಳತೆಯ ನೂರಾರು ಗುಳ್ಳೆಗಳು ಒಮ್ಮೆಗೇ ಏಳುತ್ತವೆ. ಬಿಟ್ಟರೆ ಇನ್ನೂ ಕೆರಳುವುದರಿಂದ ಬಿಡಲಾಗದೆ ಮತ್ತೆ ಹಚ್ಚುತ್ತಾರೆ. ಭಾರತದ ಚರ್ಮವೈದ್ಯರು ಇದಕ್ಕೆ ಸ್ಟೀರಾಯ್ಡಿನಿಂದ ಕೆಟ್ಟ ಮುಖ ಎಂದೇ ಹೆಸರಿಟ್ಟು ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಹದಿನಾರರ ಹುಡುಗಿಯೊಬ್ಬಳು ಬೆಳ್ಳಗಾಗಬೇಕೆಂಬ ಒತ್ತಡಕ್ಕೆ ತನ್ನ ಗಟ್ಟಿಮುಟ್ಟಾದ ಗೋಧಿಬಣ್ಣದ ಚರ್ಮವನ್ನು ಹೀಗೆ ಕಳೆದುಕೊಳ್ಳುವುದನ್ನು ನೋಡಿ ಸುಮ್ಮನಿರಲಾಗದು. ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಯಾದ ಬಿಮ್ಸ್‌ನ ಜಿಲ್ಲಾ ಆಸ್ಪತ್ರೆಯಲ್ಲಿಯೂ, 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಕೆಎಲ್‌ಇ ಆಸ್ಪತ್ರೆಯಲ್ಲಿಯೂ ಚರ್ಮರೋಗ ವಿಭಾಗಗಳಿವೆ. ಖಾನಾಪುರದಿಂದ ಬಸ್ಸು ಹತ್ತಿದರೆ ಒಂದು ಬೆಳಗಿನ ಕೆಲಸ.

ಪರೀಕ್ಷೆಯ ದಿನಗಳಲ್ಲಿ ಮೊಡವೆ ಹೆಚ್ಚುವುದು ಭ್ರಮೆಯಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 22 ವಿದ್ಯಾರ್ಥಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷೆಯ ಒತ್ತಡ ಏರಿದಂತೆ ಮೊಡವೆಯ ತೀವ್ರತೆಯೂ ಏರಿತ್ತು. ಒತ್ತಡದ ಹಾರ್ಮೋನುಗಳಿಗೆ ಎಣ್ಣೆಗ್ರಂಥಿಯೂ ಓಗೊಡುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಮುಂಚಿನ ವಾರ ಗುಳ್ಳೆ ಹೆಚ್ಚುವುದು ಸಾಮಾನ್ಯ. ಇಪ್ಪತ್ತೈದು ದಾಟಿದ ಮೇಲೂ ದವಡೆಯಂಚಿನಲ್ಲಿ ಮೊಡವೆ ಬಿಡದೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತ, ಗದ್ದದ ಮೇಲೆ ಒರಟು ಕೂದಲು ಬರುತ್ತಿದ್ದರೆ ಅದು ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇರಬಹುದು. ಅಲ್ಲಿ ಗಂಡುಹಾರ್ಮೋನು ನಿಜವಾಗಿಯೂ ಏರಿರುತ್ತದೆ, ಪರೀಕ್ಷೆ ಮಾಡಿಸಬೇಕು. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಹಿರಿಯರ ಮಾತಿಗೆ ಇಲ್ಲಿ ಆಧಾರವಿಲ್ಲ.

ಮೊಡವೆ ಇಳಿದ ಮೇಲೆ ಉಳಿಯುವುದು ಎರಡು ಬಗೆ. ಕಂದು ಮೈಬಣ್ಣದವರಲ್ಲಿ ಉರಿಯೂತ ಮೆಲನಿನ್ ಕೋಶಗಳನ್ನು ಕೆರಳಿಸುವುದರಿಂದ ಗುಳ್ಳೆಯಿದ್ದ ಜಾಗದಲ್ಲಿ ಕಪ್ಪು ಕಲೆ ನಿಲ್ಲುತ್ತದೆ. ಅದು ಗಾಯದ ಗುರುತಲ್ಲ, ಬಣ್ಣ ಮಾತ್ರ. ತಿಂಗಳುಗಟ್ಟಲೆ ಹಿಡಿದರೂ ಮಾಸುತ್ತದೆ, ಬಿಸಿಲು ಬಿದ್ದರೆ ತಡವಾಗುತ್ತದೆ. ಲಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಸುಟ್ಟು ಹೊಸ ಕಲೆ ಕೊಡುತ್ತವೆ. ಕುಳಿ ಹಾಗಲ್ಲ. ಉರಿಯೂತ ಒಳಚರ್ಮದ ಕೊಲಾಜೆನ್ ನಾರನ್ನು ತಿಂದುಹಾಕಿದಲ್ಲಿ ದಬ್ಬಳ ಚುಚ್ಚಿದಂಥ ಆಳ ತೂತು ಇಲ್ಲವೆ ಅಗಲ ತಗ್ಗು ಬೀಳುತ್ತದೆ, ತಾನಾಗಿ ತುಂಬುವುದಿಲ್ಲ. ಎದೆ, ಹೆಗಲು, ದವಡೆಯಲ್ಲಿ ಕೆಲವರಿಗೆ ಇದರ ತಿರುವುಮುರುವಾಗಿ ಗಾಯದ ಮಾಂಸ ಉಬ್ಬಿ ಕೆಲಾಯ್ಡ್ ಆಗುತ್ತದೆ. ಕನ್ನಡಿಯ ಮುಂದೆ ಎರಡು ಉಗುರಿನ ನಡುವೆ ಗುಳ್ಳೆಯನ್ನು ಹಿಂಡಿದಾಗ ಹೊರಬಂದ ಕೀವು ಕಣ್ಣಿಗೆ ಕಾಣುತ್ತದೆ. ಅದೇ ಒತ್ತಡಕ್ಕೆ ಗೂಡಿನ ತಳದ ಗೋಡೆ ಒಡೆದು ಒಳಚರ್ಮಕ್ಕೆ ಚೆಲ್ಲಿದ್ದು ಕಾಣುವುದಿಲ್ಲ. ಕುಳಿ ಬೀಳುವುದು ಆ ಕಾಣದ ಒಡಕಿನಿಂದ.